ನಳದ ನಾಟಕದಲ್ಲಿ ನನ್ನ ಪಾತ್ರ

ನಾಟಕವು ಸಮಾಜವನ್ನು ಬದಲಿಸಬಲ್ಲದು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆ ಸಮಾಜದಲ್ಲಿ ನಾನೂ ಸೇರಿದ್ದೇನೆಂದು ಮಾತ್ರ ಯಾರೂ ಮೊದಲೇ ತಿಳಿಸಿರಲಿಲ್ಲ.

ನಿವೃತ್ತನಾದ ಮೇಲೆ ಧಾರವಾಡದ ಒಂದು ಬೀದಿನಾಟಕ ಶಿಬಿರಕ್ಕೆ ಸೇರಿದೆ. ಹಿಂದೆ ಕಚೇರಿಯ ಗಣೇಶೋತ್ಸವದ ನಾಟಕಗಳಲ್ಲಿ, ಮಗನನ್ನು ಕಳೆದುಕೊಂಡ ತಂದೆಯಾಗಿ ನಿಜವಾದ ಕಣ್ಣೀರು ಸುರಿಸಿ ಹೆಸರು ಮಾಡಿದವನು ನಾನು. ನಿರ್ದೇಶಕಿ ಗೌರಿ, ನನ್ನ ಮಗಳ ವಯಸ್ಸಿನವಳು, ಮೊದಲ ದಿನವೇ ಆ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಳು. “ಕಾಕಾ, ಅಳಬ್ಯಾಡ್ರಿ. ನೀವು ಅತ್ತರ ಮಂದೀನೂ ಅತ್ತು, ಮೂಗು ಒರಸ್ಕೊಂಡು ಮನಿಗೆ ಹೋಗ್ತಾರ. ಅವರು ವಿಚಾರ ಮಾಡಬೇಕ್ರಿ.”

ನಾಟಕದ ವಿಷಯ, ವಾರಗಟ್ಟಲೆ ನೀರು ಬಾರದ ನಳ. ಮೂವರು ಕಾಲೇಜು ಹುಡುಗರು ಬಗ್ಗಿ ಕುಳಿತು ಕೊಡಗಳಾದರು. ಇನ್ನೊಬ್ಬ ತೋಳು ಚಾಚಿ ನಳವಾದ. ನನ್ನದು ಮನೆಯ ಯಜಮಾನನ ಪಾತ್ರ. ಹೆಂಡತಿ ನೀರಿಗಾಗಿ ಓಡಾಡುವಾಗ ಕುರ್ಚಿಯಲ್ಲಿ ಕುಳಿತು, ಪೇಪರ್ ಓದುತ್ತ, ವ್ಯವಸ್ಥೆಯನ್ನು ಬಯ್ಯಬೇಕು. ತಾಲೀಮೇ ಬೇಕಾಗಲಿಲ್ಲ. ಅನ್ಯಾಯ ಕಂಡ ಪ್ರೇಕ್ಷಕರು “ನಿಲ್ಲಸ್ರಿ” ಎಂದು ಕೂಗಿ, ತಾವೇ ಒಳಗೆ ಬಂದು ಕತೆ ತಿದ್ದಬಹುದೆಂಬುದು ಈ ನಾಟಕದ ನಿಯಮ. ಕೊನೆಗೆ ಬರುವ ನೀರಿನ ಸಾಹೇಬನನ್ನು ಜನ ಹಿಡಿದು ಜಾಡಿಸಲಿ ಎಂಬುದು ನಮ್ಮ ಕ್ರಾಂತಿಕಾರಿ ಯೋಜನೆ.

ಮೊದಲ ಪ್ರಯೋಗ ಗೋಪನಕೊಪ್ಪದ ನಮ್ಮ ಓಣಿಯಲ್ಲೇ. ನೆರೆಯವರೆದುರು ನಟನೆನಿಸಿಕೊಳ್ಳುವ ಆಸೆ ನನಗೆ. ಸಾಹೇಬ ಇನ್ನೂ ಪ್ರವೇಶಿಸಿರಲಿಲ್ಲ, “ನಿಲ್ಲಸ್ರಿ!” ಎಂಬ ಕೂಗು ಕೇಳಿತು. ನನ್ನ ಹೆಂಡತಿ ಸುಮಿತ್ರಾ ಸೆರಗು ಸಿಗಿಸಿಕೊಂಡು ಬಂದವಳೇ ಹೆಂಡತಿಯ ಪಾತ್ರದ ಹುಡುಗಿಯನ್ನು ಬದಿಗೆ ಸರಿಸಿದಳು.

“ಸಾಹೇಬ ಆಮ್ಯಾಲೆ ಬರಲಿ. ಮೊದಲ ನೀವು ಏಳ್ರಿ. ನಳ ಬಂದೈತಿ, ಕೊಡ ಎತ್ರಿ.”

“ಏ, ಇದು ನಾಟಕ ಐತಿ,” ಎಂದು ಪಿಸುಗುಟ್ಟಿದೆ.

“ಅದಕ್ಕ ಇಲ್ಲಿ ಹೇಳಾಕತ್ತೇನಿ. ಮನ್ಯಾಗ ಹೇಳಿದ್ರ ಪೇಪರ್ ಹಾಳಿ ತಿರುವತೀರಿ.”

ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ನಾನು ಗೌರಿಯತ್ತ ದೀನನಾಗಿ ನೋಡಿದೆ. “ಕಾಕಾ, ಮಂದಿ ವಿಚಾರ ಮಾಡಾಕತ್ತಾರ!” ಎಂದು ಅವಳು ಹಿಗ್ಗಿನಿಂದ ಡೋಲು ಬಾರಿಸಿದಳು. ಅನ್ಯಗತಿಯಿಲ್ಲದೆ ಎದ್ದು ಕೊಡಕ್ಕೆ ಕೈ ಹಾಕಿದೆ. ಕೊಡವು ಬಿ.ಎ. ಕೊನೆಯ ವರ್ಷದಲ್ಲಿ ಓದುತ್ತಿದ್ದ ಪೈಲವಾನ, ಜಗ್ಗಲಿಲ್ಲ. ಕಡೆಗೆ ಕೊಡಕ್ಕೇ ಕನಿಕರ ಬಂದು, “ತಡೀರಿ ಕಾಕಾ, ನಾನ ನಡಕೊಂತ ಬರ್ತೇನಿ,” ಎಂದಿತು.

ಮುಂದೆ ದುರ್ಗದಬೈಲಿನ ಪೇಟೆಯಲ್ಲಿ ನಡೆದ ಎರಡನೆಯ ಪ್ರಯೋಗದಲ್ಲಿ ಹೆಂಡತಿಯ ಪಾತ್ರವನ್ನು ಸುಮಿತ್ರಾ ಮಾಡಿದಳು. ಅದೇ ಹೊತ್ತಿಗೆ ನಮ್ಮ ಮನೆಗೆ ನಳ ಬಂತು. ಪ್ರಯೋಗ ಬಿಟ್ಟು ಮನೆಯಲ್ಲುಳಿದು ನೀರು ನಾನು ತುಂಬಿದೆ.