ಅಧಿಕೃತ ತುಕ್ಕು

ಗುಂಡ್ಲುಪೇಟೆಯ ಟಿಂಕರ್ ನಿಂಗರಾಜು ತನ್ನ ಸ್ವಂತ ಕಾರಿನ ತುಕ್ಕನ್ನು ಕೆರೆದು ತೆಗೆದದ್ದು ಗಂಭೀರ ಅಪರಾಧವೆಂದು ಚಾಮರಾಜನಗರದ ಪುರಾತನ ವಾಹನ ಸ್ವರೂಪ ಪಾಲನಾ ಕಚೇರಿಯು ತೀರ್ಮಾನಿಸಿತು. ಊರಿನ ದೊಡ್ಡವರೆಲ್ಲ ಹೌದೆಂದು ತಲೆಯಾಡಿಸಿದರು.

ಕಾರು 1962ರ ಅಂಬಾಸಡರ್. ಅಕ್ಕಿ ಗಿರಣಿಯ ಹಿಂದೆ ಹುಣಸೆಮರದ ಕೆಳಗೆ ಇಪ್ಪತ್ತು ವರ್ಷ ಬಿದ್ದಿದ್ದ ಅದನ್ನು ನಿಂಗರಾಜು ತಂದದ್ದು ಹೆಂಡತಿ ಶಾಂತಿಗಾಗಿ. ದಿನಾ ಬೆಳಿಗ್ಗೆ ಚೆಂಡುಹೂವಿನ ಕುಕ್ಕೆ ಹೊತ್ತು ಊಟಿ ರಸ್ತೆಗೆ ನಡೆದೂ ನಡೆದೂ ಆಕೆಯ ಕತ್ತು ಒಂದು ಕಡೆಗೆ ವಾಲಿತ್ತು. ಇನ್ನು ತಲೆಹೊರೆ ಕೂಡದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಾರಿನ ಹಿಂಭಾಗ ಕತ್ತರಿಸಿ, ಹಲಗೆ ಕೂರಿಸಿ, ಅದನ್ನೇ ಹೂವಿನಂಗಡಿ ಮಾಡಿಕೊಡಬೇಕೆಂದು ಅವನ ಆಸೆ.

ಮೊದಲು ಆ ಪಾಲನಾ ಕಚೇರಿಯಲ್ಲಿ ನೋಂದಣಿಯಾಗಬೇಕಿತ್ತು. ಇನ್‌ಸ್ಪೆಕ್ಟರ್ ಸೋಮಶೇಖರ್ ಬಂದರು. ಬಿಸಿಲೆಂದು ಜೀಪಿನಿಂದ ಇಳಿಯಲಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವುದು ಇಲಾಖೆಯ ನಿಯಮ, ಬರೆದರು. ಬಣ್ಣ: ತುಕ್ಕು. ಬಾಗಿಲು: ಮೂರು. ನಾಲ್ಕನೆಯದನ್ನು ಬಿಚ್ಚಿ ಗೋಡೆಗೆ ಒರಗಿಸಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಚಾಲಕನ ಹೊರತು ಆಸನ: ಒಂದು, ಕೋಳಿ.

ನಿಂಗರಾಜು ಓದದೆ ಸಹಿ ಹಾಕಿದ. ಮೂರು ತಿಂಗಳು ತುಕ್ಕು ಕೆರೆದ, ತೂತಿಗೆ ತಗಡು ಬೆಸೆದ, ಪುಟ್ಟಿ ಮೆತ್ತಿ ಉಜ್ಜಿದ, ಚೆಂಡುಹೂವಿನದೇ ಹಳದಿ ಹೊಡೆದ. ಹಿಂದೆ ಮೂರು ಅಂತಸ್ತಿನ ಹಲಗೆ, ಮೇಲೆ ಮಡಚುವ ಬಟ್ಟೆಯ ಚಪ್ಪರ. ಶಾಂತಿ ಸುತ್ತ ಬಂದು ಕೈಯಾಡಿಸಿ, "ನನ್ ಕತ್ತು ಈಗ್ಲೇ ನೆಟ್ಗಾದಂಗಾಯ್ತು ಕಣ" ಎಂದಳು. ಅವನಿಗೆ ಅಷ್ಟು ಸಾಕಾಗಿತ್ತು.

ಅರ್ಹತಾ ಪತ್ರಕ್ಕೆಂದು ಕಚೇರಿಗೆ ಒಯ್ದಾಗ ಸೋಮಶೇಖರ್ ಕಡತ ನೋಡಿ ಬೆವೆತರು.

"ಏನಯ್ಯಾ, ತುಕ್ಕೆಲ್ಲಿ?"

"ಕೆರ್ದಾಕ್ಬುಟ್ಟೆ ಸಾ."

"ಯಾರ ಅಪ್ಪಣೆ ತಗೊಂಡು? ದಾಖಲಾದ ತುಕ್ಕು ಸರ್ಕಾರದ್ದು. ಕೋಳಿ ಎಲ್ಲಿ?"

"ಮರಿ ಮಾಡ್ಕಂಡು ಓಯ್ತು ಸಾ. ತುಕ್ಕ ತಿರ್ಗ ಎಲ್ಲಿಂದ ತರನ? ಅದು ತಾನೇ ಬರ್ಬೇಕಲ್ವಾ?"

"ಎಲ್ಲ ತಾನೇ ಬರೋದಾದ್ರೆ ಇಲಾಖೆ ಯಾಕಯ್ಯಾ ಇರೋದು?"

ಮರುದಿನವೇ ಆದೇಶ ಬಂತು: "ಸದರಿ ವಾಹನವನ್ನು ಹದಿನೈದು ದಿನಗಳೊಳಗೆ ಮೂಲ ದುಃಸ್ಥಿತಿಗೆ ತರತಕ್ಕದ್ದು. ಲೇಪಿಸುವ ತುಕ್ಕು ಇಪ್ಪತ್ತು ವರ್ಷಕ್ಕಿಂತ ಕಿರಿಯದಾಗಿರಕೂಡದು ಮತ್ತು ಮಾನ್ಯತೆ ಪಡೆದ ವಿತರಕರಿಂದಲೇ ಖರೀದಿಸಿರಬೇಕು. ದಿನಕ್ಕೊಮ್ಮೆ ಓಡಿಸದಿದ್ದಲ್ಲಿ ವಾಹನ ಮುಟ್ಟುಗೋಲು."

ಮಾನ್ಯತೆ ಪಡೆದ ವಿತರಕರು ಇಡೀ ಜಿಲ್ಲೆಗೆ ಒಬ್ಬರೇ: ಸೋಮಶೇಖರ್ ಅವರ ಭಾಮೈದ ದಿಲೀಪ್. ಅಂಗಡಿ ಹಿಂದಿನ ದಿನವಷ್ಟೇ ತೆರೆದಿತ್ತು. ಪೊಟ್ಟಣ ಬಿಚ್ಚಿದರೆ ಪುಡಿಯ ನಡುವೆ ಒಣಗಿದ ಹುಣಸೆಲೆ. ನಿಂಗರಾಜು ಗುಜರಿಯವನಿಗೆ ಪುಗಸಟ್ಟೆ ಕೊಟ್ಟಿದ್ದ ತುಕ್ಕೇ ಅದು.

"ಇದು ನಂದೇ ಅಲ್ವಾ ಸಾ?"

"ಅದಕ್ಕೇ ನಿನ್ ಗಾಡಿಗೆ ಒಗ್ಗೋದು ಕಣ್ಲಾ" ಎಂದು ದಿಲೀಪ್ ಪ್ರೀತಿಯಿಂದ ತಕ್ಕಡಿ ಎತ್ತಿದ.

ನಿಂಗರಾಜು ಹಲಗೆ ಕಿತ್ತು, ಕತ್ತರಿಸಿದ ಹಿಂಭಾಗವನ್ನು ಮತ್ತೆ ಬೆಸೆದು ಸೀಟು ಕೂರಿಸಿದ, ಕೋಳಿಯನ್ನು ಹುಡುಕಿ ತಂದು ಅದರ ಮೇಲೆ ಬಿಟ್ಟ. ನಾಲ್ಕನೆಯ ಬಾಗಿಲನ್ನು ಬಿಚ್ಚಿ ಮತ್ತೆ ಗೋಡೆಗೆ ಒರಗಿಸಿದ. ಹಳದಿಯ ಮೇಲೆ ಅಂಟು ಬಳಿದು ತುಕ್ಕು ಉದುರಿಸಿದ. ತಾನೇ ಬೆಸೆದ ತಗಡಿಗೆ ಉಳಿಯಿಟ್ಟು ತೂತು ಹೊಡೆಯುವಾಗ ಮಾತ್ರ ಕಣ್ಣು ಮುಚ್ಚಿಕೊಂಡ. ಆದರೂ ಕೈ ಕಸುಬುದಾರನದು. "ತೂತುಗಳು ಮೊದಲಿಗಿಂತ ಉತ್ತಮವಾಗಿವೆ" ಎಂದು ಷರಾ ಬರೆದ ಸೋಮಶೇಖರ್, ಮಾದರಿ ವಾಹನವೆಂಬ ಪ್ರಶಸ್ತಿ ಪತ್ರವನ್ನೂ ಕೊಡಿಸಿದರು.

ಈಗ ದಿನಾ ಬೆಳಿಗ್ಗೆ ಕಾರು ಊಟಿ ರಸ್ತೆಗೆ ಹೊರಡುತ್ತದೆ. ಮುಂದೆ ನಿಂಗರಾಜು, ಹಿಂದೆ ಕೋಳಿ. ಹೂವಿನ ಕುಕ್ಕೆಯಾಗಲಿ ಹೆಂಡತಿಯಾಗಲಿ ದಾಖಲೆಯಲ್ಲಿಲ್ಲ. ಆದ್ದರಿಂದ ಶಾಂತಿ ಕುಕ್ಕೆ ಹೊತ್ತು, ಕತ್ತು ವಾಲಿಸಿಕೊಂಡು ಕಾರಿನ ಹಿಂದೆಯೇ ನಡೆಯುತ್ತಾಳೆ. ಜನ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಯಾರೂ ನಗುವುದಿಲ್ಲ.

ಮೊನ್ನೆ ಬಿಸಿಲು ಜೋರಾಗಿತ್ತು. ಶಾಂತಿ ಓಡಿಬಂದು ಕಿಟಕಿ ಬಡಿದಳು.

"ಒಸಿ ನಿಲ್ಸು. ಕೋಳಿಗೆ ಬಿಸ್ಲು ಒಡೀತದೆ, ಆ ಕಡೆ ಗ್ಲಾಸ್ ಏರ್ಸು."

ನಿಂಗರಾಜು ಇಳಿದು ಏರಿಸಿದ. ಆಕೆ ಕುಕ್ಕೆ ಸರಿಮಾಡಿಕೊಂಡು ಮತ್ತೆ ಹಿಂದಕ್ಕೆ ಹೋಗಿ ನಿಂತಳು.