ಬೇಸ್ ಇದ್ದದ್ದು ಹಾಕ್ರಿ

ಈ ಲೋಕದಲ್ಲಿ ಬಾಯಿ ಬಿಟ್ಟು ಸ್ಪಷ್ಟವಾಗಿ ಮಾತನಾಡುವವರು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದಾರೆ ಎಂಬುದು ನನ್ನ ಬಹುದಿನದ ಸಿಟ್ಟು. ನಾನು ಗಜೇಂದ್ರಗಡದವನು, ರೋಣದ ಒಂದು ಶಾಲೆಯಲ್ಲಿ ಕನ್ನಡ ಮಾಸ್ತರ. ಇಪ್ಪತ್ತೆಂಟು ವರ್ಷ ಉಕ್ತಲೇಖನ ಹೇಳಿದ ಬಾಯಿ ನನ್ನದು. ನಾನು ಹೇಳಿದ್ದು ಕೊನೆಯ ಬೆಂಚಿಗಷ್ಟೇ ಅಲ್ಲ, ಕಂಪೌಂಡಿನ ಆಚೆ ಎಮ್ಮೆ ಕಾಯುವವನಿಗೂ ಕೇಳುತ್ತದೆ. ಆದರೆ ಈಗಿನ ಮಕ್ಕಳು ಎದ್ದು ನಿಂತು ಉತ್ತರವನ್ನು ಬಾಯೊಳಗೇ ಜಗಿದು ನುಂಗಿಬಿಡುತ್ತಾರೆ. ಬಸ್ಸಿನ ಕಂಡಕ್ಟರರು ಗೊಣಗುತ್ತಾರೆ. ಟೀವಿಯಲ್ಲಿ ಸುದ್ದಿ ಓದುವವರ ಬಾಯಲ್ಲಿ ಸದಾ ಅವಲಕ್ಕಿ. ಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಕೂಡ ಇದಕ್ಕೆ ಹೊರತಲ್ಲ. ಒಂದು ದಿನ ಊಟಕ್ಕೆ ಕುಳಿತಾಗ ಅದೇನೋ ತರಲು ಹೇಳಿದಳು, ಎದ್ದು ತಂದುಕೊಟ್ಟೆ. ನೋಡಿದವಳೇ ಹಣೆ ಬಡಿದುಕೊಂಡು, "ಉಪ್ಪರೀ, ಉಪ್ಪ!" ಎಂದು ಚೀರಿದಳು. ನನ್ನ ಕೈಯಲ್ಲಿ ತುಪ್ಪದ ಡಬ್ಬಿ ಇತ್ತು. ಕನ್ನಡ ಮಾಸ್ತರನ ಹೆಂಡತಿಯ ಉಚ್ಚಾರವೇ ಹೀಗಾದರೆ ನಾಡಿನ ಗತಿಯೇನು ಎಂದುಕೊಂಡು, ತುಪ್ಪವನ್ನು ನಾನೇ ಬಡಿಸಿಕೊಂಡು ಉಂಡೆ.

ಇಷ್ಟೆಲ್ಲ ಸಹಿಸಿದ್ದೆ. ಆದರೆ ನನ್ನ ಕಾರು ಕೂಡ ಗೊಣಗಲು ಶುರು ಮಾಡಿತಲ್ಲ, ಅಲ್ಲಿ ನನ್ನ ತಾಳ್ಮೆ ತಪ್ಪಿತು.

ಜಕ್ಕಲಿಯಲ್ಲಿ ಗಿರಿಜಾಳ ತಮ್ಮನ ಮಗಳ ಕುಬಸವಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡುವಾಗ ಹೆಂಗಸರು ಒಡಪು ಹಾಕಿ ಗಂಡನ ಹೆಸರು ಹೇಳುವುದು ನಮ್ಮ ಕಡೆಯ ರೂಢಿ. ಉಳಿದ ದಿನಗಳಲ್ಲಿ ಗಂಡನ ಹೆಸರನ್ನು ನಾಲಿಗೆಯ ಮೇಲೆ ತರದವರು ಅಂದು ಪ್ರಾಸ ಕಟ್ಟಿ, ಅದರೊಳಗೆ ಗಂಡನನ್ನು ಕೂಡಿಸಿ, ನಾಲ್ಕು ಮಂದಿಯ ಮುಂದೆ ಮೆರೆಸುತ್ತಾರೆ, ಇಲ್ಲವೇ ಮಾನ ಕಳೆಯುತ್ತಾರೆ. ನಾವು ಗಂಡಸರು ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಒಳಗಿನಿಂದ ಮಾಳಿಗೆ ಹಾರಿಹೋಗುವಂಥ ನಗು ಬಂತು. ಗಿರಿಜಾಳ ಸರದಿಯಂತೆ. ಅವಳ ಅಕ್ಕ ನೀಲವ್ವ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡಿದ್ದಳು.

ನೀಲವ್ವನೂ ಗಜೇಂದ್ರಗಡದವಳೇ. ಮರಳಿ ಬರುವಾಗ ನಮ್ಮ ಕಾರಿನಲ್ಲಿ ಕುಳಿತು ಆ ಒಡಪನ್ನು ಕಾರಿನ ಸ್ಪೀಕರಿಗೆ ಹಚ್ಚಿದಳು. ಅಕ್ಕ ತಂಗಿ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಕೇಳಿದ್ದು ಗುಂಯ್ ಎಂಬ ಒಂದು ಸಪ್ಪಳ, ಕೊನೆಯಲ್ಲಿ "ವೀರಭದ್ರಪ್ಪ ಮಾಸ್ತರ" ಎಂಬ ನನ್ನ ಹೆಸರು, ಆಮೇಲೆ ಐವತ್ತು ಹೆಂಗಸರ ನಗು.

"ಏನಂದಿ ನನ್ನ ಮ್ಯಾಲ?" ಎಂದೆ.

"ಒಡಪು ಎರಡನೇ ಸರತಿ ಹಾಕೂದಿಲ್ಲಪಾ ನಾ. ಈಗ ಕಾರೇ ಹೇಳ್ತಲ್ಲ!" ಎಂದಳು ಗಿರಿಜಾ.

"ಕಾರಿನ ಸ್ಪೀಕರ್ ಸುಟ್ಟು ಹೋಗ್ಯಾವು" ಎಂದೆ. ಅದಕ್ಕೆ ಅವರು ಇನ್ನಷ್ಟು ನಕ್ಕರು.

ನೀವೇ ಯೋಚಿಸಿ. ನನ್ನ ಹೆಂಡತಿ ನನ್ನ ವಿಷಯದಲ್ಲಿ ಏನು ಹೇಳಿದಳೆಂಬುದು ಜಕ್ಕಲಿಯ ಐವತ್ತು ಹೆಂಗಸರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ಲ. "ನನ್ನ ಹೆಂಡತಿ ನನಗೆ ಏನೆಂದಳ್ರಿ?" ಎಂದು ಊರವರನ್ನು ಕೇಳಿಕೊಂಡು ತಿರುಗುವುದು ಗಂಡಸಾದವನ ಲಕ್ಷಣವೇ? ಒಡಪನ್ನು ನೀಲವ್ವನಿಂದ ನನ್ನ ಮೊಬೈಲಿಗೆ ತರಿಸಿಕೊಂಡು ಹಚ್ಚಿ ನೋಡಿದೆ. ಅದು ಕಾರಿಗಿಂತ ಕಡೆ, ಸೊಳ್ಳೆ ಹಾಡಿದಂತೆ ಹಾಡಿತು. ಹಾಗಾದರೆ ಕಾರಿನ ಸ್ಪೀಕರುಗಳನ್ನೇ ಬದಲಾಯಿಸುವುದೆಂದು ನಿಶ್ಚಯ ಮಾಡಿದೆ.

ನಮ್ಮ ಶಾಲೆಯ ಡ್ರಿಲ್ ಮಾಸ್ತರ ಕಳಕಪ್ಪ ಅಸೂಟಿಯವನು. ಅವನ ಕಾರು ಶಾಲೆಗೆ ಬರುವ ಮೊದಲೇ ಅದರ ಹಾಡು ಬಂದು ಹಾಜರಿ ಹಾಕುತ್ತದೆ. ಅವನ ಸಲಹೆ ಕೇಳಿದ್ದೇ ನನ್ನ ತಪ್ಪು. "ಬರೇ ಸ್ಪೀಕರ್ ಬದಲ್ ಮಾಡಿದ್ರ ಆಗೂದಿಲ್ರಿ ಸರ. ಸ್ಟೀರಿಯೋ ಬೇಕು, ಆಂಪ್ಲಿಫೈಯರ್ ಬೇಕು, ಟ್ವೀಟರ್ ಬೇಕು, ಬಾಗಲಕ್ಕ ಮ್ಯಾಟ್ ಬೇಕು" ಎಂದ. ಒಂದು ಒಡಪು ಕೇಳುವುದಕ್ಕೆ ಇಷ್ಟೊಂದು ಸಾಮಾನೇ? ಮದುವೆಗೂ ಇಷ್ಟು ಜೋಡಿಸಿರಲಿಲ್ಲ. ಅದರ ಮೇಲೆ ಇವೆಲ್ಲವುಗಳ ಓಮ್ ಎಂಬ ಕರೆಂಟಿನ ಅಳತೆ ಒಂದಕ್ಕೊಂದು ಕೂಡಬೇಕಂತೆ. ಕೂಡದಿದ್ದರೆ ಸುಡುತ್ತವಂತೆ. ಓಮ್ ಎಂದರೆ ಶಾಂತಿ ಎಂದು ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಹೇಳಿದವನು ನಾನು.

ಕಳಕಪ್ಪನೇ ನನ್ನನ್ನು ನರಗುಂದದ ಮೆಹಬೂಬಸಾಬನ ಅಂಗಡಿಗೆ ಕರೆದೊಯ್ದ. ಅಂಗಡಿಯ ಗೋಡೆ ತುಂಬ ಸ್ಪೀಕರುಗಳು. ಒಂದೊಂದು ಡಬ್ಬದ ಮೇಲೂ ಸಾವಿರಾರು ವಾಟ್ ಎಂದು ದಪ್ಪ ಅಕ್ಷರ, ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೇನೋ. ಎರಡಕ್ಕೂ ತಾಳೆಯಿಲ್ಲ.

"ಇದರಾಗ ಖರೇ ಯಾವುದು?" ಎಂದೆ.

"ದೊಡ್ಡ ಅಕ್ಷರದ್ದು ಕಂಪನಿಯವರ ಆಸೆರೀ, ಸಣ್ಣ ಅಕ್ಷರದ್ದು ಖರೇ" ಎಂದ ಮೆಹಬೂಬಸಾಬ, ಸ್ವಲ್ಪವೂ ನಾಚದೆ. ಸುಳ್ಳನ್ನು ದಪ್ಪಗೆ ಬರೆದು ನಿಜವನ್ನು ಸಣ್ಣಗೆ ಬರೆಯುವ ಈ ವಿದ್ಯೆಯನ್ನು ನನ್ನ ಶಾಲೆಯ ಮಕ್ಕಳು ಮಾಡಿದ್ದರೆ ಕಿವಿ ಹಿಂಡುತ್ತಿದ್ದೆ. ಅವನು ಒಂದಾದ ಮೇಲೊಂದು ಹಚ್ಚಿ ಕೇಳಿಸಿದ. ಕಳಕಪ್ಪ ಕಣ್ಣು ಮುಚ್ಚಿ, "ಆಹಾ, ಎಷ್ಟ ಕ್ಲಿಯರ್ ಐತಿ" ಎಂದು ತಲೆದೂಗಿದ. ನನಗೆ ಎಲ್ಲವೂ ಒಂದೇ ಗುಂಯ್. ಕೊನೆಗೆ ರೋಸಿ ಹೇಳಿದೆ.

"ನೋಡ್ರಿ ಸಾಬರ, ನನಗ ಈ ವಾಟ್, ಓಮ್ ತಿಳಿಯೂದಿಲ್ಲ. ಭಾಳ ಬೇಸ್ ಇದ್ದದ್ದು ಹಾಕ್ರಿ."

"ಬೇಸ್ ಭಾಳ ಬೇಕೇನ್ರಿ?"

"ಬೇಸ್ ಬ್ಯಾಡಂದ್ರ ಇಷ್ಟು ದೂರ ಯಾಕ ಬರ್ತಿದ್ದೆ?"

ಅವನು ನಗುತ್ತ ಏನೋ ಅಂದ. "ದಿಲ್ ತುಂಬ ಬೇಸ್ ಮಾಡಿ ಕೊಡ್ತೀನ್ರಿ" ಎಂದಂತೆ ಕೇಳಿಸಿತು. ಎಂಥ ಸಜ್ಜನ ಎಂದುಕೊಂಡು ಕಾರಿನ ಕೀಲಿಕೈ ಕೊಟ್ಟು, ಕಳಕಪ್ಪನ ಕಾರಿನಲ್ಲಿ ಮರಳಿದೆ.

ಎರಡು ದಿನ ಬಿಟ್ಟು ಹೋದಾಗ ತಿಳಿಯಿತು, ಅವನು ಅಂದದ್ದು ದಿಲ್ ಅಲ್ಲ, ಡಿಕ್ಕಿ. ಕಾರಿನ ಡಿಕ್ಕಿ ತುಂಬ ಒಂದು ಪೆಟ್ಟಿಗೆ ಕುಳಿತಿತ್ತು, ಅದರಲ್ಲಿ ರೊಟ್ಟಿ ಬಡಿಯುವ ಕೊಣಮಿಗೆಯಷ್ಟು ಅಗಲದ ಸ್ಪೀಕರು. ಗುಂಡಿ ಒತ್ತಿದರೆ ನನ್ನ ಹೊಟ್ಟೆಯೊಳಗಿನ ಉಪ್ಪಿಟ್ಟು ಅಲುಗಾಡಿತು. ಊರು ಸೇರುವವರೆಗೆ ಕಿಟಕಿಯ ಗಾಜು, ಕನ್ನಡಿ, ನನ್ನ ಕನ್ನಡಕ ಎಲ್ಲ ನಡುಗಿದವು. ಒಡಪು ಹಚ್ಚಿದೆ. ಮೊದಲು ನನ್ನ ಹೆಸರಾದರೂ ಕೇಳುತ್ತಿತ್ತು, ಈಗ ಅದೂ ಹೋಯಿತು. ಗಿರಿಜಾ ಹತ್ತಿ ಕುಳಿತು, ಒಂದೇ ನಿಮಿಷಕ್ಕೆ ಎದೆ ಹಿಡಿದುಕೊಂಡು ಇಳಿದಳು.

ಮರುದಿನವೇ ಅವಳನ್ನು ಸಾಕ್ಷಿಗೆಂದು ಕೂಡಿಸಿಕೊಂಡು ನರಗುಂದಕ್ಕೆ ಜಗಳಕ್ಕೆ ಹೋದೆ. "ಬೇಸ್ ಇದ್ದದ್ದು ಹಾಕ್ರಿ ಅಂದ್ರ ಇದೇನು ಮಾಡೀರಿ?" ಎಂದು ಅಂಗಡಿಯ ಮುಂದೆ ಕೂಗಿದೆ.

"ನೀವ ಅಂದ್ರಲ್ರೀ ಮಾಸ್ತರ, ಭಾಳ ಬೇಸ್ ಬೇಕಂತ? ಇದಕ್ಕಿಂತ ಜಾಸ್ತಿ ಬೇಸ್ ಹಾಕಿದ್ರ ಕಾರಿನ ಟಪ್ಪ ಹಾರ್ತೈತಿ!"

ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡಳು. ಆಗ ನನಗೆ ಹೊಳೆಯಿತು. ನಮ್ಮ ಗಜೇಂದ್ರಗಡಕ್ಕೆ ಪಕ್ಕದ ಕೊಪ್ಪಳದ ಮಾತಿನ ಗಾಳಿ ಬಡಿದಿದೆ. ಒಳ್ಳೆಯದಕ್ಕೆಲ್ಲ ನಾವು ಬೇಸ್ ಅನ್ನುತ್ತೇವೆ. ಸಾರು ಬೇಸ್, ಸೀರೆ ಬೇಸ್, ಅಳಿಯ ಬೇಸ್. ನರಗುಂದದಲ್ಲಿ ಅದಕ್ಕೆ ಚಲೋ. ಅಲ್ಲಿ ಬೇಸ್ ಎಂದರೆ ಈ ಹಾಳು ಧುಂ ಧುಂ ಮಾತ್ರ. ಎರಡು ಗೇಣಿನಷ್ಟು ಹತ್ತಿರದ ತಾಲ್ಲೂಕುಗಳ ನಡುವೆ ಒಂದು ಶಬ್ದ ಹೀಗೆ ಕೊರಳು ಕೊಯ್ಯುವುದೇ?

"ನನಗ ಧುಂ ಧುಂ ಬ್ಯಾಡ, ಮಾತು ಕೇಳಬೇಕು, ಮಾತು!" ಎಂದೆ.

ಮೆಹಬೂಬಸಾಬ ಡಿಕ್ಕಿಯ ಪೆಟ್ಟಿಗೆಯ ವೈರು ಕಿತ್ತ. ಬಾಗಿಲಿನ ಹೊಸ ಸ್ಪೀಕರುಗಳನ್ನಷ್ಟೇ ಇಟ್ಟು, ಅದೇನೇನೋ ತಿರುಗಿಸಿ, "ಈಗ ಹಚ್ರಿ" ಎಂದ. ಹಚ್ಚಿದೆ. ಅವನು ಕೇಳುತ್ತ ಕೇಳುತ್ತ ಕಣ್ಣಲ್ಲಿ ನೀರು ಬರುವಂತೆ ನಕ್ಕ. ಪಕ್ಕದ ಚಹದಂಗಡಿಯವನೂ ನಕ್ಕ. ಗಿರಿಜಾ ನಾಚಿ ಆ ಕಡೆ ತಿರುಗಿದಳು. ನಾನು ಸಿಟ್ಟಿನಿಂದ, "ನೋಡ್ರಿ, ಈಗೂ ಗುಂಯ್ ಅಂತೈತಿ!" ಎಂದೆ.

ಎಲ್ಲರ ನಗು ಒಮ್ಮೆಲೆ ನಿಂತಿತು. ಮೆಹಬೂಬಸಾಬ ನನ್ನ ಮುಖವನ್ನು ನೋಡಿದ, ಗಿರಿಜಾಳ ಮುಖವನ್ನು ನೋಡಿದ. ಆಮೇಲೆ ಸ್ಪೀಕರಿನ ಖಾಲಿ ಡಬ್ಬ ಹರಿದು, ಒಡಪನ್ನು ಮತ್ತೊಮ್ಮೆ ಹಚ್ಚಿ, ಕೇಳುತ್ತ ರಟ್ಟಿನ ಮೇಲೆ ಪೆನ್ಸಿಲಿನಿಂದ ಬರೆದು ನನ್ನ ಕೈಗಿಟ್ಟ. ಉಕ್ತಲೇಖನದಲ್ಲಿ ಒಂದು ತಪ್ಪೂ ಇರಲಿಲ್ಲ.

"ಗಜೇಂದ್ರಗಡದ ಸೀರಿಗಿ ಕೆಂಪಂದು ಸೆರಗ,
ಮಗ್ಗದ ಸಪ್ಪಳ ಕುಂತೈತಿ ಇವರ ಕಿವಿಯ ಒಳಗ,
ಉಪ್ಪ ತರ್ರಿ ಅಂದ್ರ ತುಪ್ಪ ತರೂವಂಥ
ವೀರಭದ್ರಪ್ಪ ಮಾಸ್ತರ ಸಿಕ್ಕಾರ ನನ್ನ ಪಾಲಿಗ."

"ಸ್ಪೀಕರ್ ಬದಲ್ ಮಾಡೂದು ನನ್ನ ಕೆಲಸರೀ ಮಾಸ್ತರ. ಇದು ನನ್ನ ಕಡೆ ಆಗೂದಲ್ಲ" ಎಂದು ಅವನು ನನ್ನ ಕಿವಿಯ ಹತ್ತಿರ ಬಂದು, ಗಟ್ಟಿಯಾಗಿ, ಆದರೆ ಅಕ್ಕರೆಯಿಂದ ಹೇಳಿದ.

ನಾನು ಹುಟ್ಟಿದ್ದು ನೇಕಾರರ ಮನೆಯಲ್ಲಿ. ನಾಲ್ಕು ಮಗ್ಗಗಳ ನಡುವೆ ತೊಟ್ಟಿಲು, ಅಲ್ಲೇ ಅಕ್ಷರಾಭ್ಯಾಸ, ಹದಿನೆಂಟರವರೆಗೆ ಲಾಳಿ ಎಸೆದ ಕೈ. ಆ ಸಪ್ಪಳ ಬಿಟ್ಟು ಬಂದೆನೆಂದು ತಿಳಿದಿದ್ದೆ. ಆದರೂ ಹೇಳುತ್ತೇನೆ, ಉಪ್ಪು ಕೇಳಿದವರಿಗೆ ತುಪ್ಪ ತಂದುಕೊಟ್ಟವನನ್ನು ಐವತ್ತು ಮಂದಿಯ ಮುಂದೆ ಹೀಗಳೆಯುವುದು ಯಾವ ನ್ಯಾಯ?

ಮರಳಿ ಬರುವಾಗ ಕಾರು ನಿಲ್ಲಿಸಿ ಗಿರಿಜಾಳನ್ನು ಕೇಳಿದೆ, "ಯಾವಾಗಿನಿಂದ ಹಿಂಗ?"

"ಏಳೆಂಟ ವರ್ಷ ಆತು" ಎಂದು ಕೂಗಿದಳು.

"ಹೇಳಬಾರದೇನ ನನಗ?"

"ದಿನಾ ಹೇಳ್ತಿದ್ದೆ!"

ಏಳೆಂಟು ವರ್ಷಗಳಿಂದ ನಾನು, ವಯಸ್ಸಾದಂತೆ ಇವಳಿಗೆ ಸಿಟ್ಟು ಹೆಚ್ಚಾಯಿತು, ಮಾತಾಡಿದರೆ ಚೀರುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಆ ಬಡಪಾಯಿ ಮಾತ್ರ ನನಗೆ ಕೇಳಲೆಂದು ಗಂಟಲು ಹರಿದುಕೊಳ್ಳುತ್ತಿದ್ದಳು. ನನಗೆ ನಿಜವಾಗಿ ನಾಚಿಕೆಯಾಯಿತು.

ಮುಂದಿನ ವಾರ ಗದಗಿನಲ್ಲಿ ಡಾಕ್ಟರು ಕಿವಿ ನೋಡಿ, ಕಿವಿಗೆ ಹಾಕುವ ಯಂತ್ರದ ಅಂಗಡಿಗೆ ಕಳಿಸಿದರು. ಅಲ್ಲಿಯೂ ಸಾಲು ಸಾಲು ಡಬ್ಬಗಳು, ದಪ್ಪ ಅಕ್ಷರ, ಸಣ್ಣ ಅಕ್ಷರ. "ಎಂಥಾದ್ದು ಬೇಕ್ರಿ?" ಎಂದು ಅಂಗಡಿಯವನು ಎರಡು ಸಲ ಕೇಳಿದ. ನಾಲಿಗೆಯ ತುದಿಗೆ ಬಂದ ಆ ಶಬ್ದವನ್ನು ನುಂಗಿಕೊಂಡು ಗಿರಿಜಾಳ ಕಡೆ ನೋಡಿದೆ. ಅವಳು ಅವನಿಗೆ ಅದೇನೋ ಹೇಳಿದಳು. ಅವನು ಜೋರಾಗಿ ನಕ್ಕ. ಈ ಸಲ ಅವನಿಗಿಂತ ಮೊದಲು ನಾನೇ ನಕ್ಕಿದ್ದೆ. ಏನೆಂದಳೋ ಗೊತ್ತಿಲ್ಲ, ಯಂತ್ರ ಇನ್ನೂ ಡಬ್ಬದಲ್ಲೇ ಇತ್ತು.