ದೊಡ್ಡಮ್ಮ ಮರೆತು ಬಂದ ಕೊಡೆ

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಜಾಲಾಡಿದರೂ ನಮ್ಮ ದೊಡ್ಡಮ್ಮನಷ್ಟು ಮರೆಗುಳಿ ಇನ್ನೊಬ್ಬರು ಸಿಗುವುದಿಲ್ಲ ಎಂದು ಈಚಿನವರೆಗೂ ನಾನು ಯಾರ ಜೊತೆ ಬೇಕಾದರೂ ಪಂದ್ಯ ಕಟ್ಟಲು ತಯಾರಿದ್ದೆ. ಸಾಕ್ಷಿ ಬೇಕೇ? ಅವರ ಶಾಲು ಶಿರಾಳಕೊಪ್ಪದಲ್ಲಿದೆ, ಸ್ಟೀಲ್ ಡಬ್ಬಿ ಆನವಟ್ಟಿಯಲ್ಲಿದೆ, ಓದುವ ಕನ್ನಡಕ ಸೊರಬದಲ್ಲಿದೆ. ಮಂಗನ ಕಾಯಿಲೆಯ ದಿನಗಳಲ್ಲಿ ಜನ ತಲೆ ಹಾಕಿಯೂ ಮಲಗದ ಕ್ಯಾಸನೂರಿನಲ್ಲಿ ಅವರ ಒಂದು ಚಪ್ಪಲಿ ಇದೆ. ಹೌದು, ಒಂದೇ! ಇನ್ನೊಂದನ್ನು ಹಾಕಿಕೊಂಡೇ ಬಂದರು. ದಾರಿಯಲ್ಲಿ ಮೂರು ಬಸ್ಸು ಬದಲಿಸಿದರೂ ಗೊತ್ತಾಗಲಿಲ್ಲವಂತೆ.

ಇವರಿಗೆ ಇಷ್ಟೂರಲ್ಲಿ ಏನು ಕೆಲಸ ಅನ್ನುತ್ತೀರಾ? ಮಾತಾಡಿಸಿಕೊಂಡು ಬರುವುದು. ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ಹೋಗಿ ಮಾತಾಡಿಸಿಕೊಂಡು ಬರಬೇಕು. ಉಳಿದವರಿಗೆ ಅದೊಂದು ಪದ್ಧತಿ, ದೊಡ್ಡಮ್ಮನಿಗೆ ಅದು ನೌಕರಿ. ಅರ್ಧ ಡಜನ್ ಬಾಳೆಹಣ್ಣು, ಇಪ್ಪತ್ತು ನಿಮಿಷ. ಡಾಕ್ಟರು ಏನಂದರು ಎಂದು ಕೇಳುವಂತಿಲ್ಲ. ಅದೇ ಕಾಯಿಲೆಯಲ್ಲಿ ಹೋದ ಇನ್ನೊಬ್ಬರ ಸುದ್ದಿಯನ್ನಂತೂ ಎತ್ತುವಂತೆಯೇ ಇಲ್ಲ. ಇಷ್ಟೆಲ್ಲ ಶಿಸ್ತಿನಿಂದ ಮುಗಿಸಿ ಏಳುವಾಗ ಏನಾದರೊಂದನ್ನು ಅಲ್ಲೇ ಬಿಟ್ಟು ಬರುವುದು. "ಒಂದಿನ ತನ್ನನ್ನೇ ಯಾರದಾದ್ರೂ ಮನ್ಯಾಗೆ ಮರ್ತು ಬರ್ತಾಳೆ ನೋಡು" ಎಂದು ಶಿಕಾರಿಪುರದ ಮನೆಯ ಮುಂದಿನ ತಮ್ಮ ಗೊಬ್ಬರದ ಅಂಗಡಿಯಲ್ಲಿ ಕೂತ ದೊಡ್ಡಪ್ಪ ಹೇಳುತ್ತಿದ್ದರು. ಆ ದನಿಯಲ್ಲಿ ಸ್ವಲ್ಪ ಆಸೆಯೂ ಇತ್ತೇನೋ!

ದೊಡ್ಡಮ್ಮನ ಗುರುವಾರಗಳೆಲ್ಲ ಜಡೆಗೆ ಮೀಸಲು. ಅಲ್ಲಿ ಅವರ ಬಾಲ್ಯದ ಗೆಳತಿ ಇದ್ದಾರೆ, ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿ ಹಾಸಿಗೆ ಹಿಡಿದಿದ್ದಾರೆ. ಹೋದ ಮಾರ್ಚಿನ ಒಂದು ಗುರುವಾರ ದೊಡ್ಡಮ್ಮ ಎಂದಿನಂತೆ ಹೋದರು, ಎಂದಿನಂತೆ ಬಿಸಿಲಿಗೆ ಹಿಡಿಯುವ ನೀಲಿ ಕೊಡೆಯನ್ನು ಮರೆತು ಎದ್ದರು. ಆ ಮನೆಗೆ ನಾಲ್ಕು ದಿನದ ಹಿಂದಷ್ಟೇ ಬಂದ ಹೊಸ ಸೊಸೆಗೆ ಇವರ ವಿಷಯ ಏನು ಗೊತ್ತು, ಪಾಪ? "ಅಮ್ಮಾರೇ, ಕೊಡೆ! ಕೊಡೆ ಬಿಟ್ರಿ!" ಎಂದು ಹಿಂದೆಯೇ ಓಡಿದಳು. ದೊಡ್ಡಮ್ಮ ತಿರುಗಿ ನೋಡಿದರು, ನೋಡಿ ಇನ್ನೂ ಜೋರಾಗಿ ನಡೆದರು. ಆ ಹುಡುಗಿಯೂ ಛಲಗಾತಿ, ಬಿಡಲಿಲ್ಲ. ಕೊನೆಗೆ ಅರವತ್ತೆಂಟು ವರ್ಷದ ನಮ್ಮ ದೊಡ್ಡಮ್ಮ ಸೀರೆ ಎತ್ತಿ ಹಿಡಿದು ಓಡಿ, ನಿಂತಿದ್ದ ಬಸ್ಸಿನ ಮೆಟ್ಟಿಲಿಗೆ ಹಾರಿ, ಜಾರಿ ಬಿದ್ದರು. ನಾಯಿಗೆ ಹೆದರಿ ಓಡಿ ಬಿದ್ದವರನ್ನು ನೋಡಿದ್ದೇನೆ. ಸ್ವಂತ ಕೊಡೆಗೆ ಹೆದರಿ ಓಡಿ ಬಿದ್ದವರು ಇವರೊಬ್ಬರೇ.

ಎಡಗಾಲು ಮೊಣಕಾಲಿನ ಕೆಳಗೆ ಮುರಿದಿತ್ತು. ಜನ ಸೇರಿ ಎತ್ತಲು ಹೋದರೆ, ರಸ್ತೆಯಲ್ಲಿ ಬಿದ್ದಲ್ಲಿಂದಲೇ ಆ ಸೊಸೆಗೆ ಹೇಳಿದರಂತೆ: "ಮೊದ್ಲು ಆ ಕೊಡೆ ಇದ್ದ ಜಾಗಕ್ಕೇ ಇಟ್ಟು ಬಾ!" ತಲೆಗೂ ಪೆಟ್ಟಾಗಿದೆ ಎಂದೇ ಎಲ್ಲರೂ ತಿಳಿದರು.

ಆರು ವಾರದ ಪ್ಲಾಸ್ಟರ್ ಬಿತ್ತು. ನೋವೆಂದರೆ ಅಂಥಿಂಥ ನೋವಲ್ಲ. ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗೆ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದರು. ಪಕ್ಕದ ಬೀದಿಯಿಂದ ದಿನಾ ಹೋಗುತ್ತಿದ್ದ ನಾನು ಅದನ್ನು ನೋಡದವಳಂತೆ ಇರುತ್ತಿದ್ದೆ. ಆದರೆ ಅವರ ಸೋಮವಾರದ ಭಜನೆಯ ನಾಲ್ವರು ಗೆಳತಿಯರು ನನ್ನಂತಲ್ಲ. ಒಬ್ಬರು ರೊಟ್ಟಿ ತರುವರು, ಒಬ್ಬರು ತಲೆ ಬಾಚುವರು, ಇನ್ನೊಬ್ಬರು "ಅಳೋದಿದ್ರೆ ಅತ್ತುಬಿಡು ಮಾರಾಯ್ತಿ, ನಾವೇನು ಬೀಗ್ರಾ?" ಎಂದು ಗದರುವರು. ನಿವೃತ್ತ ಟೀಚರಮ್ಮ ಎಲ್ಲರ ಹಾಜರಿ ತೆಗೆದುಕೊಳ್ಳುವರು.

ಆಗಲೇ ನನಗೆ ಮರೆವು ಅಂಟುರೋಗ ಎಂದು ತಿಳಿದದ್ದು. ಬಂದವರೆಲ್ಲ ಏನಾದರೊಂದು ಬಿಟ್ಟು ಹೋಗತೊಡಗಿದರು! ಟೀಚರಮ್ಮನ ಕನ್ನಡಕದ ಡಬ್ಬಿ, ಒಬ್ಬರ ಕೈಚೀಲ, ಏಪ್ರಿಲ್ ತಿಂಗಳಲ್ಲಿ ಒಂದು ಸ್ವೆಟರು. ಕೊನೆಗೆ ಒಬ್ಬರು ಹಲ್ಲಿನ ಸೆಟ್ಟನ್ನೇ ಬಟ್ಟಲಲ್ಲಿ ಬಿಟ್ಟು ಹೋದರು. ಮನೆಗೆ ಹೋಗಿ ಏನು ಉಂಡರೋ! ನಾನು ಪರೋಪಕಾರಿ ನೋಡಿ, ಎಲ್ಲವನ್ನೂ ಸ್ಕೂಟಿಯಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸಿ ಬಂದೆ. ದೊಡ್ಡಮ್ಮ ಉರಿದುಬಿದ್ದರು. "ಯಾರು ಹೇಳಿದ್ರು ನಿಂಗೆ?" ಅರ್ಧ ಗಂಟೆಯಲ್ಲಿ ಟೀಚರಮ್ಮ ಬಂದು, ನನ್ನನ್ನು ಕೆಕ್ಕರಿಸಿ ನೋಡಿ, ಡಬ್ಬಿಯನ್ನು ಹಾಸಿಗೆಯ ಪಕ್ಕ ಇಟ್ಟು ಹೊರಟುಹೋದರು.

ಪ್ಲಾಸ್ಟರ್ ತೆಗೆದ ಮೇಲೆ ದಿನಾ ಕಾಲೆತ್ತಿ ಹತ್ತು ಎಣಿಸಬೇಕೆಂದು ಆಸ್ಪತ್ರೆಯಲ್ಲಿ ಹೇಳಿಕೊಟ್ಟರು. ದೊಡ್ಡಮ್ಮನ ಲೆಕ್ಕ ನಾಲ್ಕಕ್ಕೇ ನಿಲ್ಲುತ್ತಿತ್ತು. ನಾಲ್ವರೂ ಚಾಪೆ ಹಾಸಿಕೊಂಡು ಸಾಲಾಗಿ ಮಲಗಿ ತಾವೂ ಎಡಗಾಲು ಎತ್ತಿದರು. ಎಣಿಕೆಯ ಬದಲು ಭಜನೆಯ ಒಂದು ಸಾಲು. ಸಾಲು ಮುಗಿಯುವವರೆಗೆ ಕಾಲು ಇಳಿಸುವಂತಿಲ್ಲ. ಕಾಫಿಗೆಂದು ಒಳಗೆ ಬಂದ ದೊಡ್ಡಪ್ಪ ಹಾಡುತ್ತಿರುವ ಐದು ಕಾಲುಗಳನ್ನು ನೋಡಿ, ಹಾಗೇ ಹಿಂದಕ್ಕೆ ಹೋಗಿ ಹೋಟೆಲಿನಲ್ಲಿ ಕಾಫಿ ಕುಡಿದರು.

ಇಷ್ಟರ ನಡುವೆಯೂ ದೊಡ್ಡಮ್ಮನ ಜೀವವೆಲ್ಲ ಕೊಡೆಯಲ್ಲೇ ಇತ್ತು. ಒಂದು ದಿನ ನನ್ನನ್ನು ಕರೆದರು.

"ಜಡೆಗೆ ಹೋಗಿ ಕೊಡೆ ಐತಾ ನೋಡ್ಕಂಡು ಬಾ."

"ತರ್ಲಾ?"

"ತಂದ್ರೆ ಕಾಲು ಮುರೀತೀನಿ."

ಮನೆಯಲ್ಲಿ ಆಗಲೇ ಒಂದು ಮುರಿದ ಕಾಲಿತ್ತು. ನಾನು ಜಡೆಯ ಬಸ್ಸು ಹತ್ತಿದೆ.

ಜಡೆಯ ಗೆಳತಿ ಮೊದಲಿಗಿಂತ ಇಳಿದುಹೋಗಿದ್ದರು. ನೀಲಿ ಕೊಡೆ ಮಂಚಕ್ಕೆ ತೂಗುಬಿದ್ದಿತ್ತು, ಅದರ ಹಿಡಿಯ ಮೇಲೆ ಅವರ ಎಡಗೈ ಇತ್ತು.

"ಮರೀತಾಳಂತ ತಿಳ್ಕಂಡೀಯೇನವ್ವ ಅವ್ಳು?" ಎಂದರು, ಅರ್ಧ ಬಾಯಲ್ಲಿ ನಗುತ್ತ. "ಏಳನೇ ಕ್ಲಾಸಲ್ಲಿ ನಾ ಕದ್ದ ಪೆನ್ಸಿಲ್ಲಿನ ಬಣ್ಣ ಇವತ್ತಿಗೂ ಹೇಳ್ತಾಳೆ. ಬೇಕಂತ್ಲೇ ಬಿಟ್ಟು ಹೋಗೋದು. ನನ್ನ ಸಾಮಾನು ನಿನ್ನತ್ರ ಐತಿ, ನಾ ಬಂದು ತಗಳೋವರೆಗೂ ನೀ ಎಲ್ಲಿಗೂ ಹೋಗಂಗಿಲ್ಲ ಅಂತ. ಹಂಗೇ ಎರಡು ವರ್ಷ ದಬ್ಬಿದ್ಲು ನನ್ನ." ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಬಸ್ಸು ನಿಲ್ಲುವ ಜಾಗ ಚೆನ್ನಾಗಿ ಕಾಣುತ್ತದೆ. "ಅವತ್ತು ನನ್ನ ಕಣ್ಣೆದುರಿಗೇ ಬಿದ್ಲು. ನಂಗೆ ಏಳಾಕಾಗ್ಲಿಲ್ಲ. ಬೇಗ ಬರಾಕೆ ಹೇಳವ್ವ. ಈ ಸಲ ಕಾಯೋದು ಕಷ್ಟ ಆಗ್ತೈತಿ."

ವಾಪಸು ಬಸ್ಸಿನಲ್ಲಿ ನನಗೆ ಕ್ಯಾಸನೂರಿನ ಚಪ್ಪಲಿ ನೆನಪಾಯಿತು, ಬಟ್ಟಲಿನ ಹಲ್ಲುಸೆಟ್ಟು ನೆನಪಾಯಿತು. ಅದನ್ನು ಸ್ಕೂಟಿಯಲ್ಲಿ ಹಿಂದಿರುಗಿಸಿದ ನನ್ನ ಜಾಣತನವೂ ನೆನಪಾಗಿ ನಾಚಿಕೆಯಾಯಿತು. ಶಿರಾಳಕೊಪ್ಪ ಬರುವವರೆಗೂ ಕಣ್ಣೊರೆಸಿಕೊಂಡೆ.

"ಕೊಡೆ ಐತೆ. ತಡ ಆಯ್ತಂತೆ" ಎಂದಷ್ಟೇ ದೊಡ್ಡಮ್ಮನಿಗೆ ಹೇಳಿದೆ. ಕೋಲು ಹಿಡಿದು ನಿಲ್ಲುವುದೇ ಕಷ್ಟವಿದ್ದ ಹೆಂಗಸು "ಈ ಗುರುವಾರ ಹೋಗ್ತೀನಿ" ಎಂದರು. ಕಾರು ಮಾಡಿಸೋಣ ಎಂದರು ದೊಡ್ಡಪ್ಪ. "ಅವ್ಳು ಕಾಯೋದು ಹನ್ನೊಂದು ಗಂಟೆ ಬಸ್ಸಿಗೆ. ಕಾರು ಯಾಕೆ ನೋಡ್ತಾಳೆ?" ಎಂದರು ದೊಡ್ಡಮ್ಮ. ಗೆಳತಿಯರು ಮನೆಯಲ್ಲಿದ್ದ ಮಣೆಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಬಸ್ಸಿನ ಮೆಟ್ಟಿಲಿನಷ್ಟು ಎತ್ತರ ಮಾಡಿದರು. ಟೀಚರಮ್ಮ ಕಂಡಕ್ಟರಾದರು. "ಬೇಗ ಹತ್ರೀ, ಒಳಗೆ ನಡೀರಿ, ಜಾಗ ಐತಿ!" ಬೇಕೆಂದೇ ಹಿಂದಿನಿಂದ ನೂಕಲು ಇಬ್ಬರು, ಬೀಳದಂತೆ ಹಿಡಿಯಲು ಒಬ್ಬರು. ದೊಡ್ಡಮ್ಮ ಮೂರು ದಿನ ಸೆರಗು ಕಚ್ಚಿಕೊಂಡು ಹತ್ತಿದರು, ಇಳಿದರು.

ಗುರುವಾರ ಹನ್ನೊಂದಕ್ಕೆ ಜಡೆಯಲ್ಲಿ ಇಳಿದಾಗ ಕಿಟಕಿಯಲ್ಲಿ ಒಂದು ನೀಲಿ ಕೊಡೆ ಮೇಲೆದ್ದು ಅಲ್ಲಾಡಿತು.

"ಬಂದ್ಲು ಕುಂಟಿ."

"ಮಲಗಿದಲ್ಲೇ ಮಾತು ನೋಡು ಇವ್ಳದು!"

ಇಪ್ಪತ್ತು ನಿಮಿಷ ಇಬ್ಬರೂ ಬೈದಾಡಿಕೊಂಡರು. ಪೆನ್ಸಿಲ್ಲಿನ ವಿಷಯವೂ ಬಂತು. ಕೈ ಮಾತ್ರ ಕೈಯಲ್ಲೇ ಇತ್ತು. ಆಮೇಲೆ ದೊಡ್ಡಮ್ಮ ಕೊಡೆ ತೆಗೆದುಕೊಂಡು ಎದ್ದು, ನನ್ನ ಹೆಗಲು ಹಿಡಿದು ಹೊರಟರು.

ಅಂಗಳದಲ್ಲಿ ತಿರುಗಿ ನೋಡಿದೆ. ಕೋಲು ಮಂಚಕ್ಕೆ ಒರಗಿ ನಿಂತಿತ್ತು. ಸೊಸೆಯೂ ಅದನ್ನು ನೋಡಿದಳು. ಈ ಸಲ ಅವಳು ಓಡಿ ಬರಲಿಲ್ಲ. ಕೋಲನ್ನು ಅತ್ತೆಯ ಎಡಗೈಗೆ ಸಿಗುವಂತೆ ಇನ್ನಷ್ಟು ಹತ್ತಿರಕ್ಕೆ ಸರಿಸಿದಳು.

"ದೊಡ್ಡಮ್ಮ, ಕೋಲು..."

"ಮರ್ತೆ" ಎಂದರು ಅವರು, ಹಲ್ಲು ಕಚ್ಚಿ ಇನ್ನೊಂದು ಹೆಜ್ಜೆ ಇಡುತ್ತ. "ನೀ ನಡಿ, ಬಸ್ ಬಂತು."

ಅವರ ಭಾರವೆಲ್ಲ ನನ್ನ ಹೆಗಲ ಮೇಲಿತ್ತು. ಮುಂದಿನ ಗುರುವಾರದವರೆಗೂ ಹಾಗೇ ಇರಲಿ ಅನ್ನಿಸಿತು.